ಓರೆಯಾದ ಚಿತ್ರಕ್ಕೆ ಗರಗಸದ ಅಂಚೇಕೆ?

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಕಂಪ್ಯೂಟರಿನ ವಿಷಯವಾಗಿ ಲೇಖನ ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ. ಹತ್ತನೆಯ ತರಗತಿ ಮುಗಿದ ಮೇಲೆ ಗಣಿತದ ಪುಸ್ತಕವನ್ನು ತೆರೆದವನಲ್ಲ. ಆದರೆ ಎರಡು ವರ್ಷಗಳಿಂದ ಸಂಜೆಯ ಹೊತ್ತು ಪೀಣ್ಯದ ಒಂದು ಸ್ಟುಡಿಯೋದಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳ ವೀಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ನನ್ನ ಕಾಲೇಜಿನ ಶುಲ್ಕವೂ ಮೆಟ್ರೋ ಖರ್ಚೂ ಅದರಿಂದಲೇ ನಡೆಯುತ್ತವೆ. ಆ ಕೆಲಸದಲ್ಲಿ ಎದುರಾದ ಒಂದು ತೊಡಕನ್ನೂ ಅದರ ಕಾರಣವನ್ನೂ ಪರಿಹಾರವನ್ನೂ ನನಗೆ ತಿಳಿದ ಮಟ್ಟಿಗೆ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಗಣಿತ ಬಲ್ಲವರು ನನ್ನ ಮಾತಿನಲ್ಲಿ ಒರಟುತನ ಕಂಡರೆ ಮನ್ನಿಸಬೇಕು.

ಮೊದಲು ತೊಡಕು ಹುಟ್ಟಿದ ಸಂದರ್ಭವನ್ನು ಹೇಳುತ್ತೇನೆ. ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ತಂದೆಯವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮಿಲ್ಲಿಂಗ್ ಯಂತ್ರ ನಡೆಸುತ್ತಾರೆ. ನನ್ನನ್ನು ಬೆಳೆಸಿದವಳು ಅಜ್ಜಿ. ಆಕೆ ಹೋದ ವರುಷ ತೀರಿಕೊಂಡಳು. ಆಕೆಯ ಜೀವಮಾನದಲ್ಲಿ ತೆಗೆದ ಒಳ್ಳೆಯ ಭಾವಚಿತ್ರವೆಂದರೆ ಒಂದೇ ಒಂದು. ಜಾತ್ರೆಯಲ್ಲಿ ಬಂದಿದ್ದ ಫೋಟೋದವನು ತೆಗೆದದ್ದು. ಮೊದಲನೆಯ ವರ್ಷದ ಪುಣ್ಯತಿಥಿಗೆ ಬಂಧುಗಳು ನಮ್ಮ ಮನೆಯಲ್ಲಿ ಸೇರುವವರಿದ್ದರು. ಆ ದಿನ ಟಿ. ವಿ. ಯಲ್ಲಿ ತೋರಿಸಲೆಂದು ನಾನು ಮೂರು ನಿಮಿಷದ ಒಂದು ವೀಡಿಯೋ ಮಾಡಿದೆ. ಅದರ ಕೊನೆಯಲ್ಲಿ ಅಜ್ಜಿಯ ಚಿತ್ರವು ಸ್ವಲ್ಪ ಓರೆಯಾಗಿ ಕಾಣಿಸಿಕೊಂಡು, ಯಾರೋ ಗೋಡೆಯ ಮೇಲಿನ ಪಟವನ್ನು ಸರಿಪಡಿಸಿದಂತೆ ನಿಧಾನವಾಗಿ ನೆಟ್ಟಗಾಗಬೇಕೆಂಬುದು ನನ್ನ ಎಣಿಕೆ.

ಚಿತ್ರ ನೆಟ್ಟಗಾಯಿತು, ನಿಜ. ಆದರೆ ಆಗುತ್ತಿರುವಷ್ಟು ಹೊತ್ತೂ ಅದರ ನಾಲ್ಕು ಅಂಚುಗಳಲ್ಲಿ ಗರಗಸದ ಹಲ್ಲುಗಳಂತಹ ಮೆಟ್ಟಿಲುಗಳು ಎದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡತೊಡಗಿದವು. ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದವಳು ನಿಲ್ಲಿಸಿ, “ಇದೇನಪಾ, ಅಜ್ಜೀ ಫೋಟೋದ ಅಂಚಿನ್ಯಾಗ ಇರವಿ ಹರದಾಡಿದಂಗ ಕಾಣತೈತಲ್ಲ?” ಎಂದು ಕೇಳಿದಳು. ಮಕ್ಕಳು ನಕ್ಕುಬಿಟ್ಟವು. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ನಾನು; ಕಂಪ್ಯೂಟರ್ ಬಲ್ಲವನೆಂದು ಎಲ್ಲರೂ ತಿಳಿದವನು. ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ನಾನು ಮಾಡಿದ ತಪ್ಪುಗಳನ್ನೂ ಹೇಳಿಬಿಡುವುದು ಒಳ್ಳೆಯದು. ಹಲ್ಲು ಕಾಣಬಾರದೆಂದು ಇಡೀ ಚಿತ್ರವನ್ನೇ ಮಸುಕು ಮಾಡಿದೆ. ಸಾಲದೆಂದು ಚಿತ್ರವನ್ನು ಒಂದು ಕೋನಕ್ಕೆ ತಿರುಗಿಸಿ ಉಳಿಸಿದೆ. ಉಳಿಸಿದ್ದನ್ನೇ ಮತ್ತೆ ತಿರುಗಿಸಿದೆ. ಹೀಗೆ ಏಳೆಂಟು ಸಲ ಮಾಡಿದೆ. ಬೆಳಗಿನ ಜಾವ ನೋಡಿದಾಗ ಅಂಚಿನ ಹಲ್ಲು ಹೋಗಿರಲಿಲ್ಲ. ಅಜ್ಜಿಯ ಹಣೆಯ ಹಚ್ಚೆಯ ಚುಕ್ಕೆಗಳು ಮಾತ್ರ ಹೋಗಿದ್ದವು. ಮೂಲ ಕಡತದ ಮೇಲೆಯೇ ಉಳಿಸಿದ್ದರಿಂದ ಹಿಂದಿರುಗುವ ದಾರಿಯೂ ಇರಲಿಲ್ಲ. ಕಾಗದದ ಪ್ರತಿ ಊರಿನಲ್ಲಿ ದೊಡ್ಡವ್ವನ ಟ್ರಂಕಿನಲ್ಲಿತ್ತು. ದಸರಾ ರಜೆಯವರೆಗೆ ಕಾಯಬೇಕಾಯಿತು. ಆ ಬಿಡುವಿನಲ್ಲಿ ನಾನು ಕಲಿತದ್ದೇ ಮುಂದಿನ ಸಂಗತಿ.

ವಾಚಕರು ದಯವಿಟ್ಟು ಒಂದು ಚೌಕಳಿ ಹಾಳೆಯನ್ನೂ ಒಂದು ಪೆನ್ಸಿಲನ್ನೂ ತೆಗೆದುಕೊಳ್ಳಬೇಕು. ಕಂಪ್ಯೂಟರಿನ ಚಿತ್ರವೆಲ್ಲವೂ ಇಂತಹ ಚೌಕಗಳಿಂದ ಆದದ್ದು. ಇವುಗಳಿಗೆ ಪಿಕ್ಸೆಲ್ ಎಂದು ಹೆಸರು. ಚೌಕಾಬಾರ ಆಡಿದ ನಮಗೆ ‘ಮನೆ’ ಎಂದರೆ ಸುಲಭವಾಗಿ ತಿಳಿಯುತ್ತದೆಯಾದ್ದರಿಂದ ನಾನು ಹಾಗೆಯೇ ಕರೆಯುತ್ತೇನೆ. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ವೀಡಿಯೋ ಚೌಕಟ್ಟಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಮನೆಗಳಿರುತ್ತವೆ. ಒಂದು ಮನೆಗೆ ಒಂದೇ ಬಣ್ಣ. ಅರ್ಧ ಮನೆಗೆ ಒಂದು ಬಣ್ಣ, ಇನ್ನರ್ಧಕ್ಕೆ ಮತ್ತೊಂದು ಎಂಬುದು ಸಾಧ್ಯವಿಲ್ಲ.

ಈಗ ಹಾಳೆಯ ಮೇಲೆ ಸ್ವಲ್ಪ ಓರೆಯಾಗಿ ಒಂದು ಗೆರೆ ಎಳೆಯಿರಿ. ಗೆರೆಯ ಕೆಳಗಿನ ಭಾಗ ಚಿತ್ರ, ಮೇಲಿನದು ಬಯಲು ಎಂದಿಟ್ಟುಕೊಳ್ಳೋಣ. ಯಾವ ಮನೆಯ ಅರ್ಧಕ್ಕಿಂತ ಹೆಚ್ಚು ಭಾಗ ಚಿತ್ರದೊಳಗಿದೆಯೋ ಅದನ್ನು ಪೂರ್ತಿ ಕಪ್ಪು ಮಾಡಿರಿ. ಉಳಿದದ್ದನ್ನು ಬಿಳಿಯಾಗಿಯೇ ಬಿಡಿರಿ. ಮುಗಿದ ಮೇಲೆ ನೋಡಿದರೆ ಗೆರೆ ಮಾಯವಾಗಿ ಮೆಟ್ಟಿಲು ಉಳಿದಿರುತ್ತದೆ. ನಮ್ಮ ಗರಗಸ ಇದೇ. ನೆಟ್ಟಗಿನ ಅಂಚು ಮನೆಗಳ ಗೋಡೆಗೆ ಸರಿಯಾಗಿ ಕೂಡಿಕೊಳ್ಳುವುದರಿಂದ ಅಲ್ಲಿ ಹಲ್ಲಿಲ್ಲ. 90 ಡಿಗ್ರಿ ತಿರುಗಿಸಿದರೂ ಇಲ್ಲ. ನಡುವಿನ ಕೋನಗಳಲ್ಲಿ ಮಾತ್ರ ಈ ಬಾಧೆ.

ಕೋನ ಕಿರಿದಾದಷ್ಟೂ ಬಾಧೆ ಕಡಿಮೆಯಾದೀತೆಂದು ನಾನು ಭಾವಿಸಿದ್ದೆ. ವಾಸ್ತವದಲ್ಲಿ ಕಣ್ಣಿಗೆ ಅದು ಹೆಚ್ಚು. 45 ಡಿಗ್ರಿಯಲ್ಲಿ ಮನೆಗೊಂದು ಮೆಟ್ಟಿಲು; ಸಣ್ಣಗೆ, ಒತ್ತಾಗಿ ಇರುತ್ತದೆ. 3 ಡಿಗ್ರಿಯಲ್ಲಿ ಸುಮಾರು 19 ಮನೆಗಳಿಗೊಂದು ಮೆಟ್ಟಿಲು. 1 ಡಿಗ್ರಿಯಲ್ಲಿ ಸುಮಾರು 57 ಮನೆಗಳಿಗೊಂದು. ಉದ್ದುದ್ದ ಮೆಟ್ಟಿಲುಗಳಾದ್ದರಿಂದ ಪ್ರತಿಯೊಂದೂ ಬೇರೆಯಾಗಿ ಎದ್ದು ಕಾಣುತ್ತದೆ. ಅಜ್ಜಿಯ ಚಿತ್ರ 3 ಡಿಗ್ರಿಯಿಂದ ಸೊನ್ನೆಗೆ ಬರುತ್ತಿತ್ತು. ಕೋನ ಬದಲಾದಂತೆ ಮೆಟ್ಟಿಲಿನ ಸ್ಥಳವೂ ಜರುಗುತ್ತಿತ್ತು. ತಾಯಿ ಕಂಡ ಇರುವೆ ಸಾಲು ಅದೇ.

ಅಜ್ಜಿ ಬದುಕಿದ್ದಿದ್ದರೆ ಇದನ್ನು ಕೇಳಿ ಆಶ್ಚರ್ಯಪಡುತ್ತಿರಲಿಲ್ಲ. ಆಕೆ ಇಳಕಲ್ಲ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದಳು. ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಚುಚ್ಚಬೇಕು. ಎಳೆಯ ನಡುವೆ ಸೂಜಿ ಹೋಗಬಹುದೇ ಹೊರತು ಎಳೆಯನ್ನು ಸೀಳಿಕೊಂಡು ಹೋಗಬಾರದು. ಆದ್ದರಿಂದ ಗೋಪುರದ ಓರೆಯನ್ನು ಮೆಟ್ಟಿಲು ಮೆಟ್ಟಿಲಾಗಿಯೇ ಏರಿಸುತ್ತಾರೆ. ಆ ಮೆಟ್ಟಿಲು ಹೊಲಿಗೆಗೆ ‘ಮುರಗಿ’ ಎಂದು ಹೆಸರೇ ಉಂಟು. ಕಸೂತಿಯಲ್ಲಿ ಮೆಟ್ಟಿಲು ಅಂದವಾಗಿ ಕಾಣುತ್ತದೆ, ಏಕೆಂದರೆ ಅದು ನಿಂತಲ್ಲೇ ನಿಂತಿರುತ್ತದೆ. ವೀಡಿಯೋದಲ್ಲಿ ಅದು ಓಡುತ್ತದೆ.

ಪರಿಹಾರಕ್ಕೆ ಬರೋಣ. ಅದೇ ಹಾಳೆಯ ಮೇಲೆ ಇನ್ನೊಂದು ಓರೆಗೆರೆ ಎಳೆಯಿರಿ. ಈ ಸಲ ನಿಯಮ ಬೇರೆ. ಮನೆಯ ಕಾಲುಭಾಗ ಚಿತ್ರದೊಳಗಿದ್ದರೆ ತೆಳುವಾಗಿ, ಅರ್ಧವಿದ್ದರೆ ನಡುತರವಾಗಿ, ಮುಕ್ಕಾಲಿದ್ದರೆ ದಟ್ಟವಾಗಿ ಪೆನ್ಸಿಲು ಆಡಿಸಿರಿ. ಹಾಳೆಯನ್ನು ತೋಳಳತೆಯ ದೂರದಲ್ಲಿ ಹಿಡಿದು ನೋಡಿರಿ. ಮೊದಲನೆಯದು ಗರಗಸ, ಎರಡನೆಯದು ಗೆರೆ. ಮನೆಗಳ ಸಂಖ್ಯೆ ಹೆಚ್ಚಿಲ್ಲ. ‘ಇದೆ’ ‘ಇಲ್ಲ’ ಎಂಬ ಎರಡು ಉತ್ತರಗಳ ಜೊತೆಗೆ ‘ಇಷ್ಟು ಪಾಲು ಇದೆ’ ಎಂಬ ಉತ್ತರಕ್ಕೂ ಅವಕಾಶ ಕೊಟ್ಟೆವು, ಅಷ್ಟೆ. ಇಡೀ ವಿದ್ಯೆಯ ತಿರುಳು ಇದು. ಇದಕ್ಕೆ ಆಂಟಿ-ಅಲಿಯಾಸಿಂಗ್ ಎನ್ನುತ್ತಾರೆ. ಕಂಪ್ಯೂಟರ್ ರಚಿಸಿದ ಚಿತ್ರಗಳಲ್ಲಿ ಈ ಹಲ್ಲುಗಳೇಕೆ ಬರುತ್ತವೆ, ಹೇಗೆ ನಿವಾರಿಸಬೇಕು ಎಂಬುದನ್ನು ಫ್ರಾಂಕ್ಲಿನ್ ಕ್ರೋ ಎಂಬ ವಿದ್ವಾಂಸರು 1977ರ ಪ್ರಬಂಧವೊಂದರಲ್ಲಿ ವಿಶದಪಡಿಸಿದರು.

ಛಾಯೆಯ ಅಗತ್ಯ ಅದಕ್ಕೂ ಹಿಂದೆಯೇ ತಿಳಿದಿತ್ತು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ಎಂಬವರೂ ಅವರ ಸಂಗಡಿಗರೂ ಛಾಯಾಚಿತ್ರವೊಂದನ್ನು ಮೊತ್ತಮೊದಲು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಊಡಿಸಿದರು. ಅದು ಕಿರ್ಷ್ ಅವರ ಮೂರು ತಿಂಗಳ ಕೂಸಿನ ಚಿತ್ರ. ಅಡ್ಡ 176, ಉದ್ದ 176, ಒಟ್ಟು 30,976 ಮನೆಗಳು. ಆ ಯಂತ್ರಕ್ಕೆ ಒಂದು ಸಲಕ್ಕೆ ಕಪ್ಪು ಅಥವಾ ಬಿಳಿ ಎಂದಷ್ಟೇ ಗುರುತಿಸಲು ಬರುತ್ತಿತ್ತು. ಬೇರೆ ಬೇರೆ ಮಟ್ಟದಲ್ಲಿ ಹಲವು ಬಾರಿ ಓದಿಸಿ ಒಂದುಗೂಡಿಸಿದಾಗ ಕೂಸಿನ ಕೆನ್ನೆಗೆ ಬೂದು ಛಾಯೆ ಬಂತು. ಕಂಪ್ಯೂಟರಿನೊಳಕ್ಕೆ ಹೋದ ಮೊದಲ ಛಾಯಾಚಿತ್ರವೂ ಒಂದು ಮನೆಯವರ ಚಿತ್ರವೇ ಎಂಬುದನ್ನು ಓದಿದಾಗ ನನಗೆ ಅಜ್ಜಿಯ ನೆನಪಾಯಿತು.

ಇನ್ನು ತಿರುಗಿಸುವಾಗ ಕಂಪ್ಯೂಟರ್ ಏನು ಮಾಡುತ್ತದೆಂದು ನೋಡೋಣ. ಹಳೆಯ ಮನೆಗಳನ್ನು ಎತ್ತಿ ಹೊಸ ಜಾಗಕ್ಕೆ ಒಯ್ಯುತ್ತದೆಂದು ನಾವು ಎಣಿಸುತ್ತೇವೆ. ಹಾಗಲ್ಲ. ಹೊಸ ಹಾಳೆಯ ಪ್ರತಿಯೊಂದು ಖಾಲಿ ಮನೆಯ ಬಳಿ ನಿಂತು, ‘ತಿರುಗುವುದಕ್ಕೆ ಮೊದಲು ಈ ಜಾಗ ಹಳೆಯ ಚಿತ್ರದಲ್ಲಿ ಎಲ್ಲಿತ್ತು?’ ಎಂದು ಲೆಕ್ಕ ಹಾಕುತ್ತದೆ. ಉತ್ತರ ಹಳೆಯ ಮನೆಯೊಂದರ ನಡುಮಧ್ಯಕ್ಕೆ ಬೀಳುವುದು ಅಪರೂಪ. ನಾಲ್ಕು ಹೊಲಗಳ ಬದು ಸೇರುವಲ್ಲಿ ನಿಂತ ಮನುಷ್ಯನಂತೆ ನಾಲ್ಕು ಮನೆಗಳ ನಡುವೆ ಎಲ್ಲೋ ಬೀಳುತ್ತದೆ. ಆಗ ಮೂರು ದಾರಿಗಳಿವೆ. ಅತಿ ಹತ್ತಿರದ ಒಂದೇ ಮನೆಯ ಬಣ್ಣವನ್ನು ತೆಗೆದುಕೊಳ್ಳುವುದು ಮೊದಲನೆಯದು. ಬೇಗ ಮುಗಿಯುತ್ತದೆ, ಆದರೆ ಚಿತ್ರದ ಒಳಗೂ ಹಲ್ಲು ಮೂಡುತ್ತದೆ. ಸುತ್ತಲಿನ ನಾಲ್ಕು ಮನೆಗಳ ಬಣ್ಣಗಳನ್ನು ದೂರಕ್ಕೆ ತಕ್ಕ ಪಾಲಿನಲ್ಲಿ ಬೆರೆಸುವುದು ಎರಡನೆಯದು. ಎರಡೇ ಮನೆಗಳ ಲೆಕ್ಕ ಹಿಡಿದರೆ, 200 ಬೆಳಕುಳ್ಳ ಮನೆಯಿಂದ ಕಾಲು ದೂರದಲ್ಲಿಯೂ 100 ಬೆಳಕುಳ್ಳ ಮನೆಯಿಂದ ಮುಕ್ಕಾಲು ದೂರದಲ್ಲಿಯೂ ಇರುವ ಸ್ಥಾನಕ್ಕೆ 175 ಬೆಳಕು ಬರುತ್ತದೆ. ಇದಕ್ಕೆ ಬೈಲೀನಿಯರ್ ಎಂದು ಹೆಸರು. ಮೂರನೆಯದು ಬೈಕ್ಯೂಬಿಕ್, ಅದು ಹದಿನಾರು ಮನೆಗಳನ್ನು ವಿಚಾರಿಸುತ್ತದೆ. ನಿಧಾನವಾದರೂ ಚಿತ್ರದ ಹರಿತವನ್ನು ಹೆಚ್ಚಾಗಿ ಉಳಿಸುತ್ತದೆ.

ನಾನು ಸ್ಟುಡಿಯೋದಲ್ಲಿ ಬೈಕ್ಯೂಬಿಕ್ ಆರಿಸಿದ ಮೇಲೂ ಚಿತ್ರದ ಹೊರ ಅಂಚಿನ ಗರಗಸ ಹೋಗಲಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿತು. ಕಾರಣ ತಿಳಿದಾಗ ಎಷ್ಟು ಸರಳವೆನಿಸಿತು! ಚಿತ್ರದ ಒಳಗಿನ ಮನೆಗೆ ನಾಲ್ಕೂ ಕಡೆ ನೆರೆಹೊರೆಯವರಿದ್ದಾರೆ; ಬೆರೆಸಬಹುದು. ಗಡಿಯ ಮನೆಯ ಆಚೆಗೆ ಯಾರೂ ಇಲ್ಲ. ಯಾರೊಡನೆ ಬೆರೆಸುವುದು? ಆದ್ದರಿಂದ ಕೆಲವು ತಂತ್ರಾಂಶಗಳು ಗಡಿಯಲ್ಲಿ ಮತ್ತೆ ‘ಇದೆ, ಇಲ್ಲ’ ಎಂಬ ಹಳೆಯ ನಿಯಮಕ್ಕೇ ಇಳಿಯುತ್ತವೆ.

ಹಾಗಾದರೆ ನೆರೆಯವರನ್ನು ನಾವೇ ಒದಗಿಸಬೇಕು. ಚಿತ್ರದ ಸುತ್ತಲೂ ಎರಡು ಮೂರು ಮನೆಗಳಷ್ಟು ಅಗಲದ ಪಾರದರ್ಶಕ ಅಂಚನ್ನು ಸೇರಿಸಿ, ಪಿ. ಎನ್. ಜಿ. ರೂಪದಲ್ಲಿ ಉಳಿಸಿಕೊಳ್ಳಬೇಕು. ಜೆ. ಪಿ. ಇ. ಜಿ. ರೂಪ ಪಾರದರ್ಶಕತೆಯನ್ನು ಇಟ್ಟುಕೊಳ್ಳದ ಕಾರಣ ಇಲ್ಲಿ ನಿಷ್ಪ್ರಯೋಜಕ. ಹೀಗೆ ಮಾಡಿದರೆ ಗಡಿಯ ಮನೆ ತನ್ನಾಚೆಯ ಖಾಲಿ ಮನೆಯೊಡನೆ ಬೆರೆತು ಅರ್ಧ, ಕಾಲು ಪಾಲಿನ ಛಾಯೆ ಪಡೆಯುತ್ತದೆ. ಚಿತ್ರದ ಒಳಭಾಗ ಮಸುಕಾಗುವುದಿಲ್ಲ. ಒಂದು ಎಚ್ಚರಿಕೆ: ಪಾರದರ್ಶಕ ಮನೆಯಲ್ಲಿಯೂ ಒಂದು ಬಣ್ಣ ಅಡಗಿರುತ್ತದೆ. ಅದು ಕಪ್ಪಾಗಿದ್ದು, ತಂತ್ರಾಂಶ ಅದನ್ನೂ ಬೆರೆಸಿಬಿಟ್ಟರೆ ಅಂಚಿನಲ್ಲಿ ಕಾಡಿಗೆಯಂತಹ ಗೆರೆ ಬರುತ್ತದೆ. ಅಂಚಿನ ಬಣ್ಣವನ್ನೇ ಪಾರದರ್ಶಕ ಮನೆಗೂ ಕೊಟ್ಟರೆ ಈ ದೋಷ ತಪ್ಪುತ್ತದೆ.

ಇನ್ನೊಂದು ಉಪಾಯವನ್ನು ತಂದೆಯವರು ಊಟಕ್ಕೆ ಕುಳಿತಾಗ ಅರಿಯದೆಯೇ ಹೇಳಿದರು. ನಾನು ನನ್ನ ಗೋಳು ಹೇಳಿಕೊಂಡಾಗ ಅವರು, “ನಮ್ಮ ಮಷಿನ್ನಿನ್ಯಾಗೂ ಹಂಗ. ಓರೆ ಮುಖಾ ಕಡೀಬೇಕಂದ್ರ ಮೆಟ್ಟಿಲಾ ಬೀಳತಾವ. ಮೆಟ್ಟಿಲಾ ಸಣ್ಣು ಮಾಡಬೇಕು, ಆಮ್ಯಾಲ ಅರಾ ಹಾಕಬೇಕು” ಎಂದರು. ಕಂಪ್ಯೂಟರಿನವರೂ ಇದನ್ನೇ ಮಾಡುತ್ತಾರೆ. ಚೌಕಟ್ಟನ್ನು ಎರಡೂ ಕಡೆ ಇಮ್ಮಡಿ ಮಾಡಿ, ಅಂದರೆ 3840ಕ್ಕೆ 2160ರಂತೆ 82,94,400 ಮನೆಗಳಲ್ಲಿ ಚಿತ್ರವನ್ನು ತಿರುಗಿಸಿ, ಬಳಿಕ ನಾಲ್ಕು ನಾಲ್ಕು ಮನೆಗಳ ಸರಾಸರಿ ತೆಗೆದು ಮೊದಲಿನ ಅಳತೆಗೆ ಇಳಿಸುತ್ತಾರೆ. ಮೊದಲನೆಯದು ಮೆಟ್ಟಿಲು ಸಣ್ಣದು ಮಾಡಿದಂತೆ. ಎರಡನೆಯದು ಅರ ಹಾಕಿದಂತೆ. ಮನೆಗಳು ನಾಲ್ಕು ಪಟ್ಟಾಗುವುದರಿಂದ ಹಳೆಯ ಯಂತ್ರಗಳಲ್ಲಿ ಕಾಯಬೇಕಾಗುತ್ತದೆ ಎಂಬುದೊಂದೇ ತೊಂದರೆ.

ಬೆರೆಸುವುದು ಯಾವಾಗಲೂ ಒಳ್ಳೆಯದೇ ಎಂಬ ಪ್ರಶ್ನೆ ಏಳಬಹುದು. ಉತ್ತರಕ್ಕಾಗಿ ನಮ್ಮ ಪೀಣ್ಯದ ಕಡೆಗೇ ನೋಡಬೇಕು. ಭಾರತದ ಮೊದಲನೆಯ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. ಉಡುಪಿ ರಾಮಚಂದ್ರ ರಾವ್ ಅವರ ನೇತೃತ್ವದಲ್ಲಿ ಅದನ್ನು ಕಟ್ಟಿ 1975ರ ಏಪ್ರಿಲ್ 19ರಂದು ಸೋವಿಯತ್ ದೇಶದಿಂದ ಹಾರಿಸಿದರು. ಅದು ಭೂಮಿಯ ಚಿತ್ರ ತೆಗೆಯುವ ಉಪಗ್ರಹವಲ್ಲ. 1979ರ ಜೂನ್ 7ರಂದು ಹೋದ ಭಾಸ್ಕರದಲ್ಲಿ ಟೆಲಿವಿಷನ್ ಕ್ಯಾಮೆರಾ ಇತ್ತು. ಅದರ ಚಿತ್ರದ ಒಂದು ಮನೆ ನೆಲದ ಮೇಲೆ ಸುಮಾರು 1 ಕಿಲೋಮೀಟರು. 1988ರ ಮಾರ್ಚ್ 17ರಂದು ಹೋದ ಐ. ಆರ್. ಎಸ್. 1-ಎ ಉಪಗ್ರಹದ ಒಂದು ಕ್ಯಾಮೆರಾದಲ್ಲಿ ಅದು 72.5 ಮೀಟರಿಗೆ ಇಳಿಯಿತು.

ಇಂತಹ ಉಪಗ್ರಹಗಳ ದಾರಿ ನೇರ ಉತ್ತರ ದಕ್ಷಿಣವಲ್ಲ; ಸ್ವಲ್ಪ ಓರೆ. ಕೆಳಗೆ ಭೂಮಿಯೂ ತಿರುಗುತ್ತಿರುತ್ತದೆ. ಆದ್ದರಿಂದ ಬಂದ ಚಿತ್ರವನ್ನು ನಕಾಶೆಯ ಮೇಲೆ ಕೂಡಿಸಬೇಕಾದರೆ ತಿರುಗಿಸಲೇಬೇಕು. ಮದುವೆಯ ವೀಡಿಯೋದಲ್ಲಿ ನನಗಿರುವ ತೊಡಕೇ ಅವರಿಗೂ ಇದೆ. ಮೇಲೆ ಹೇಳಿದ ದಾರಿಗಳೇ ಅವರ ಮುಂದೆಯೂ ಇವೆ. ಆದರೆ ಬತ್ತದ ಗದ್ದೆ ಎಷ್ಟು, ಕೆರೆ ಎಷ್ಟು ಎಂದು ಎಣಿಸುವವರು ಸಾಮಾನ್ಯವಾಗಿ ಬೆರೆಸಲು ಒಪ್ಪುವುದಿಲ್ಲ. ಗದ್ದೆಯ ಬೆಳಕನ್ನೂ ಕೆರೆಯ ಬೆಳಕನ್ನೂ ಬೆರೆಸಿದರೆ ಗದ್ದೆಯೂ ಅಲ್ಲದ ಕೆರೆಯೂ ಅಲ್ಲದ ಸಂಖ್ಯೆಯೊಂದು ಹುಟ್ಟುತ್ತದೆ, ಲೆಕ್ಕ ಕೆಡುತ್ತದೆ. ಅವರು ಹಲ್ಲು ಇದ್ದರೂ ಇರಲಿ ಎಂದು ಹತ್ತಿರದ ಮನೆಯ ದಾರಿಯನ್ನೇ ಹಿಡಿಯುತ್ತಾರೆ. ಕಣ್ಣಿಗಾಗಿ ಮಾಡುವ ಚಿತ್ರಕ್ಕೆ ಬೆರೆಸುವುದು ಸರಿ. ಎಣಿಕೆಗಾಗಿ ಇಟ್ಟ ಚಿತ್ರವನ್ನು ಬೆರೆಸುವುದು ಸಲ್ಲ.

ಇದನ್ನು ತಿಳಿದ ಮೇಲೆ ನನ್ನ ತಪ್ಪು ನನಗೆ ಸ್ಪಷ್ಟವಾಯಿತು. ಪ್ರತಿ ಸಲ ತಿರುಗಿಸಿದಾಗಲೂ ಒಂದು ಸುತ್ತು ಬೆರಕೆ ನಡೆಯುತ್ತದೆ. ಏಳೆಂಟು ಸಲ ತಿರುಗಿಸಿದಾಗ ಹಚ್ಚೆಯ ಹಸಿರು ಸುತ್ತಲಿನ ಚರ್ಮದೊಡನೆ ಏಳೆಂಟು ಸುತ್ತು ಬೆರೆತು ಕರಗಿಹೋಯಿತು. ತಿರುಗಿಸುವುದಿದ್ದರೆ ಮೂಲದಿಂದ ಒಂದೇ ಸಲ ತಿರುಗಿಸಬೇಕು. ಮೂಲದ ಮೇಲೆ ಎಂದಿಗೂ ಉಳಿಸಬಾರದು.

ಈ ಕೆಲಸ ಮಾಡುವ ಗೆಳೆಯರಿಗೆ ಇನ್ನೆರಡು ಮಾತು. ತಂತ್ರಾಂಶವು ಕೆಲಸದ ನಡುವೆ ತೋರಿಸುವ ಮುನ್ನೋಟ ಅನೇಕ ವೇಳೆ ಒರಟಾಗಿರುತ್ತದೆ. ಅಂತಿಮ ಪ್ರತಿಯನ್ನು ಪೂರ್ಣ ಅಳತೆಯಲ್ಲಿ ನೋಡದೆ ಗಾಬರಿಯಾಗಬಾರದು. ಹಳೆಯ ಮದುವೆ ಕ್ಯಾಸೆಟ್ಟುಗಳಲ್ಲಿ ಕಾಣುವ ಬಾಚಣಿಗೆ ಹಲ್ಲು ಬೇರೆ ಜಾತಿಯದು. ಅಲ್ಲಿ ಚೌಕಟ್ಟಿನ ಸಮಸಂಖ್ಯೆಯ ಗೆರೆಗಳೂ ಬೆಸಸಂಖ್ಯೆಯ ಗೆರೆಗಳೂ ಸೆಕೆಂಡಿನ ಐವತ್ತನೆಯ ಒಂದು ಪಾಲಿನಷ್ಟು ಅಂತರದಲ್ಲಿ ಹಿಡಿದವು. ಆ ಎರಡನ್ನು ಮೊದಲು ಸರಿಗೂಡಿಸಿ ಅನಂತರ ತಿರುಗಿಸಬೇಕು. ಇಲ್ಲದಿದ್ದರೆ ಯಾವ ಉಪಾಯವೂ ಫಲಿಸದು.

ದಸರಾ ರಜೆಯಲ್ಲಿ ಊರಿಗೆ ಹೋದೆ. ದೊಡ್ಡವ್ವ ಟ್ರಂಕಿನಿಂದ ಚಿತ್ರವನ್ನು ತೆಗೆದುಕೊಡುವಾಗ, “ಈ ಸಲ ಕೆಡಸಬ್ಯಾಡೋ ತಮ್ಮಾ” ಎಂದಳು. ಗದಗಿನಲ್ಲಿ ಸ್ಕ್ಯಾನ್ ಮಾಡಿಸಿ, ಮೂಲವನ್ನು ಮೂರು ಕಡೆ ಇಟ್ಟು, ಪ್ರತಿಯೊಂದಕ್ಕೆ ಪಾರದರ್ಶಕ ಅಂಚು ಹಾಕಿ, ಒಂದೇ ಸಲ ತಿರುಗಿಸಿದೆ. ದೀಪಾವಳಿಯ ಸಂಜೆ ಮನೆಯವರೆಲ್ಲ ಮತ್ತೆ ನೋಡಿದರು. ಪಟ ನಿಧಾನವಾಗಿ ನೆಟ್ಟಗಾಯಿತು. ಅಂಚಿನ ಮಾತನ್ನು ಯಾರೂ ಎತ್ತಲಿಲ್ಲ. ತಾಯಿ ಮಾತ್ರ ಟಿ. ವಿ. ಯ ಹತ್ತಿರ ಹೋಗಿ ಅಜ್ಜಿಯ ಹಣೆಯ ಮೇಲೆ ಬೆರಳಿಟ್ಟು ಹಚ್ಚೆಯ ಚುಕ್ಕೆಗಳನ್ನು ಎಣಿಸಿದಳು. ಐದೂ ಇದ್ದವು.

ನನ್ನಂತೆಯೇ ಸಂಜೆ ದುಡಿದು ಬೆಳಗ್ಗೆ ಓದುವವರು ನಮ್ಮ ಕಾಲೇಜಿನಲ್ಲಿ ಹಲವರಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಈ ಲೇಖನದಿಂದ ಒಂದು ರಾತ್ರಿಯ ನಿದ್ದೆ ಉಳಿದರೆ ನನ್ನ ಶ್ರಮ ಸಾರ್ಥಕವೆಂದು ತಿಳಿಯುತ್ತೇನೆ.